ಮಾರವಾಡದಿಂದ ಮಾರಿಕುಪ್ಪಕ್ಕೆ

ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಕ್ಕೆ ಹೋಗುವ ಕವಲು ರೈಲುಹಾದಿಯ ಉದ್ದ ಸುಮಾರು 16 ಕಿಲೋಮೀಟರು ಮಾತ್ರ. ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂದು ಗಣಿಗಳ ಹೆಸರನ್ನೇ ಹೊತ್ತ ನಿಲ್ದಾಣಗಳನ್ನು ದಾಟುತ್ತ ಹೋದಂತೆ ಬೂದುಬಿಳುಪಿನ ದೊಡ್ಡ ದಿಬ್ಬಗಳು ಕಣ್ಣಿಗೆ ಬೀಳುತ್ತವೆ. ಒಂದು ಶತಮಾನಕ್ಕೂ ಮಿಕ್ಕಿ ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟುಮಣ್ಣಿನ ರಾಶಿಗಳಿವು. ಊರಿನವರು ಸೈನೈಡ್ ದಿಬ್ಬಗಳೆನ್ನುತ್ತಾರೆ. ಗಾಳಿಯೆದ್ದಾಗ ಧೂಳು ಹಾರುವುದನ್ನು ಕಂಡವರಿಗೆ ಮರುಭೂಮಿಯ ಮರಳುದಿಣ್ಣೆಗಳು ನೆನಪಾಗದೆ ಇರವು. ಆದರೆ ಮರುಭೂಮಿಯು ಚಿನ್ನದ ಗಣಿಯ ಸೀಮೆಗೆ ಬಂದದ್ದು ಬರಿಯ ಹೋಲಿಕೆಯ ರೂಪದಲ್ಲಲ್ಲ. ಥಾರ್ ಮರುಭೂಮಿಯ ಅಂಚಿನ ಮಾರವಾಡದಿಂದ ಮನುಷ್ಯರೇ ಬಂದು ರಾಬರ್ಟ್‌ಸನ್‌ಪೇಟೆಯಲ್ಲಿಯೂ ಬಂಗಾರಪೇಟೆಯಲ್ಲಿಯೂ ನೆಲೆಯೂರಿದ್ದಾರೆ.

1880ರಲ್ಲಿ ಜಾನ್ ಟೇಲರ್ ಕಂಪೆನಿಯ ಕೈಗೆ ಗಣಿಗಾರಿಕೆ ಬಂದ ಮೇಲೆ ತಮಿಳು ಸೀಮೆಯಿಂದ ಕೂಲಿಕಾರರು, ಆಂಧ್ರ ಸೀಮೆಯಿಂದ ಕೆಲಸಗಾರರು, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಗಣಿ ಬಲ್ಲವರು ಬಂದರು. ಸಂಬಳದ ಹಣ ಪೇಟೆಗೆ ಹರಿಯತೊಡಗಿದಾಗ ಅದರ ಬೆನ್ನಿಗೆ ವರ್ತಕರೂ ಬಂದರು. ನಾವೆಲ್ಲ ಅವರನ್ನು ಒಟ್ಟಾಗಿ ‘ಸೇಟು’ಗಳೆಂದು ಕರೆದುಬಿಡುವುದು ವಾಡಿಕೆ. ನಮ್ಮನ್ನು ಯಾರಾದರೂ ಪಂಗಡ, ಮಠ, ಸಂಪ್ರದಾಯಗಳ ಭೇದವರಿಯದೆ ಒಂದೇ ಮಾತಿನಲ್ಲಿ ಮುಗಿಸಿದರೆ ನಮಗೆ ಹಿತವೆನಿಸೀತೆ? ಮಾರವಾಡದಿಂದ ಬಂದವರಲ್ಲಿ ಓಸವಾಲ ಜೈನರಿದ್ದಾರೆ, ವೈಷ್ಣವರಾದ ಮಾಹೇಶ್ವರಿಗಳಿದ್ದಾರೆ. ಇತ್ತೀಚಿನ ದಶಕಗಳಲ್ಲಿ ಪಾಲಿ, ಜಾಲೋರ್ ಜಿಲ್ಲೆಗಳಿಂದ ಕರ್ನಾಟಕದ ಪೇಟೆಗಳಿಗೆ ಬಂದು ಅಂಗಡಿ ತೆರೆದವರಲ್ಲಿ ಸೀರವಿ ಎಂಬ ಒಕ್ಕಲು ಜನರೂ ಹಲವರು. ಬಿಲಾಡಾ ಎಂಬ ಊರಿನ ಆಯೀ ಮಾತೆ ಅವರ ಕುಲದೇವತೆ.

ಗಿರವಿ ಅಂಗಡಿಯ ಸಂಗತಿಯನ್ನು ಮರೆಮಾಚಿ ಈ ಜನರ ಬಗೆಗೆ ಬರೆಯುವುದು ಸರಿಯಾಗಲಾರದು. 3 ಕಿಲೋಮೀಟರಿಗೂ ಮೀರಿದ ಆಳಕ್ಕಿಳಿದು, ಉರಿಯುವ ಬಂಡೆಯ ನಡುವೆ ಅದಿರನ್ನು ಒಡೆದ ಕಾರ್ಮಿಕನು ಚಿನ್ನದ ಒಂದು ಕಣವನ್ನೂ ಮನೆಗೊಯ್ಯುವಂತಿರಲಿಲ್ಲ. ಅವನ ಮನೆಯಲ್ಲಿದ್ದ ಚಿನ್ನವೆಂದರೆ ಹೆಂಡತಿಯ ತಾಳಿ, ಓಲೆ, ಮೂಗುಬೊಟ್ಟು. ಕಾಯಿಲೆಗೋ ಮಗಳ ಮದುವೆಗೋ ಅದೂ ಗಿರವಿ ಅಂಗಡಿಯ ಒರೆಗಲ್ಲನ್ನು ಮುಟ್ಟಿ ಕಬ್ಬಿಣದ ಪೆಟ್ಟಿಗೆ ಸೇರುತ್ತಿತ್ತು. ಬಿಡಿಸಿಕೊಂಡವರುಂಟು; ಬಡ್ಡಿ ಕಟ್ಟಲಾರದೆ ಒಡವೆ ಮುಳುಗಿಹೋದವರೂ ಉಂಟು. 1961ರಲ್ಲಿ ಗಿರವಿದಾರರ ಮೇಲೆ ರಾಜ್ಯದ ಕಾಯಿದೆಯೇ ಬರಬೇಕಾಯಿತು. ಬ್ಯಾಂಕಿನ ಬಾಗಿಲು ಬಡವನಿಗೆ ತೆರೆಯದ ಕಾಲದಲ್ಲಿ ನಡುರಾತ್ರಿಯಾದರೂ ಕೈಗೆ ಹಣವಿತ್ತವರು ಇವರು ಎಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಶರಣರ ಕಾಯಕದೃಷ್ಟಿಯಿಂದ ಬಡ್ಡಿಯ ಗಳಿಕೆಯನ್ನು ಮನಸಾರೆ ಒಪ್ಪುವುದು ನಮಗೆ ಕಷ್ಟ.

ಇನ್ನು ಉಡುಪಿನ ಮಾತು. ಜೈಸಲ್ಮೇರ್ ಸೀಮೆಯಲ್ಲಿ ವರ್ಷಕ್ಕೆ 200 ಮಿಲಿಮೀಟರು ಮಳೆಯೂ ಆಗದು. ಬರದ ನಾಡೆಂದು ನಾವು ಮರುಗುವ ಕೋಲಾರದಲ್ಲಿ ಅದರ ಮೂರು ಪಟ್ಟಿಗಿಂತ ಹೆಚ್ಚು ಸುರಿಯುತ್ತದೆ. ಹಸಿರಿಲ್ಲದ ಆ ನೆಲದಲ್ಲಿ ಬಣ್ಣವೆಲ್ಲ ಬಟ್ಟೆಗೇ ಬಂದಿದೆ. ಗಂಡಸರ ‘ಸಾಫಾ’ ಎಂಬ ರುಮಾಲು ಎಂಟೊಂಬತ್ತು ಮೀಟರು ಉದ್ದದ್ದು. ಬಿಸಿಲಿಗೆ ನೆರಳು, ಮಲಗಿದಾಗ ತಲೆದಿಂಬು, ಬಾವಿಯ ಬಳಿ ಹಗ್ಗ—ಎಲ್ಲವೂ ಅದೇ. ಅದನ್ನು ಸುತ್ತುವ ರೀತಿಯಿಂದ ಸೀಮೆಯನ್ನೂ ಜಾತಿಯನ್ನೂ, ಬಣ್ಣದಿಂದ ಶುಭಾಶುಭವನ್ನೂ ತಿಳಿಯಬಹುದು. ಹೆಂಗಸರದು ನೆರಿಗೆ ತುಂಬಿದ ‘ಘಾಘ್ರಾ’, ಕುಪ್ಪಸ, ತಲೆಯಿಂದ ಇಳಿಬಿಡುವ ‘ಓಢಣಿ’, ಬೈತಲೆಯ ತುದಿಯಲ್ಲಿ ಗುಂಡಗಿನ ‘ಬೋರ್ಲಾ’. ಬಟ್ಟೆಯನ್ನು ಸಾಸಿವೆಯಷ್ಟು ಸಣ್ಣ ಗಂಟುಗಳಾಗಿ ದಾರದಿಂದ ಬಿಗಿದು ಬಣ್ಣದಲ್ಲದ್ದಿದರೆ, ಗಂಟು ಬಿಚ್ಚಿದಾಗ ಚುಕ್ಕಿಗಳ ‘ಬಾಂಧನಿ’ ಸಿದ್ಧ. ಓರೆಯಾಗಿ ಸುರುಳಿ ಸುತ್ತಿ ಕಟ್ಟಿ ಅದ್ದಿದರೆ ಅಲೆಯಲೆಯಾದ ‘ಲಹರಿಯಾ’. ಇದು ಶ್ರಾವಣಮಾಸದ ಉಡುಗೆ. ಮಳೆಗಾಗಿ ಹಂಬಲಿಸುವ ನಾಡು ನೀರಿನ ಅಲೆಯನ್ನು ಮೈಮೇಲೆ ಹೊದೆಯುವುದು ಎಷ್ಟು ಸಹಜ!

ಚಿನ್ನದ ಗಣಿಯ ಸೀಮೆಯಲ್ಲಿ ಘಾಘ್ರಾ ಮದುವೆಮನೆಗೆ ಸರಿದು ನಿತ್ಯದ ಉಡುಗೆ ಸೀರೆಯಾಗಿದೆ. ಆದರೆ ಸೆರಗನ್ನು ಬಲಹೆಗಲ ಮೇಲಿಂದ ಮುಂದಕ್ಕೆ ತಂದು, ತಲೆಯ ಮೇಲೆ ಹೊದೆಯುವ ಕ್ರಮವು ಹಿರಿಯ ಹೆಂಗಸರಲ್ಲಿ ಉಳಿದಿದೆ. ನಮ್ಮ ಉತ್ತರ ಕರ್ನಾಟಕದ ತಾಯಂದಿರೂ ಹಿರಿಯರೆದುರು ತಲೆಯ ಮೇಲೆ ಸೆರಗು ಹೊದೆಯುವವರೇ. ಮಾವ, ಭಾವಂದಿರೆದುರು ಮುಖವನ್ನೇ ಮುಚ್ಚುವ ‘ಘೂಂಘಟ್’ ಮಾತ್ರ ಬೇರೆಯದು. ಅಕ್ಕಮಹಾದೇವಿಯು ಅನುಭವಮಂಟಪದಲ್ಲಿ ಹಿರಿಯ ಶರಣರೆದುರು ನಿಂತು ಮಾತನಾಡಿದ ಪರಂಪರೆ ನಮ್ಮದು. ಆ ಪದ್ಧತಿ ಹೊಸ ತಲೆಮಾರಿನಲ್ಲಿ ಸಡಿಲವಾಗುತ್ತಿರುವುದು ನಮಗೆ ಸಂತೋಷವನ್ನೇ ತರುತ್ತದೆ.

ಹೋಳಿಯ ಮರುದಿನದಿಂದ ಚೈತ್ರ ಶುದ್ಧ ತದಿಗೆಯವರೆಗೆ ಈ ಮನೆಗಳ ಹೆಣ್ಣುಮಕ್ಕಳು ‘ಗಣಗೌರ’ ಪೂಜಿಸುತ್ತಾರೆ. ಈಸರ ಎಂದರೆ ಈಶ್ವರ, ಗೌರ ಎಂದರೆ ಗೌರಿ. ಮಣ್ಣಿನ ಮೂರ್ತಿಗಳನ್ನು ಮಾಡಿ, ಕುಡಿಕೆಯಲ್ಲಿ ಗೋಧಿಯ ಮೊಳಕೆ ಬೆಳೆಸಿ, ಹಾಡುತ್ತ ನೀರಿಗೆ ಬಿಡುತ್ತಾರೆ. ಗೌರಿಹುಣ್ಣಿಮೆಯಂದು ಸಕ್ಕರೆಯ ಆರತಿ ಹಿಡಿದು ಸಾಗುವ ನಮ್ಮ ಬಾಲೆಯರನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಅವರ ಊಟದಲ್ಲಿ ಬಡಿಸುವ ‘ಸಾಂಗರಿ’ ಪಲ್ಯವಾದರೋ ದಸರೆಯಲ್ಲಿ ನಾವು ಪೂಜಿಸುವ ಬನ್ನಿಮರದ ಕಾಯಿ. ಅಲ್ಲಿ ಆ ಮರಕ್ಕೆ ಖೇಜ್ಡಿ ಎಂದು ಹೆಸರು. ಜೋಧಪುರದ ಬಳಿಯ ಖೇಜಡ್ಲಿ ಗ್ರಾಮದಲ್ಲಿ 1730ರಲ್ಲಿ ರಾಜನ ಆಳುಗಳು ಈ ಮರಗಳನ್ನು ಕಡಿಯಬಂದಾಗ, ಅಮೃತಾದೇವಿ ಮೊದಲಾದ 363 ಮಂದಿ ಬಿಷ್ಣೋಯಿಗಳು ಮರಗಳನ್ನಪ್ಪಿ ಪ್ರಾಣತೆತ್ತರು. 1485ರಲ್ಲಿ ಗುರು ಜಂಭೇಶ್ವರರು ಕಟ್ಟಿದ ಪಂಥವದು. ಸೌದೆಗಾಗಿ ಮರ ಕಡಿಯಬಾರದೆಂದು ಬಿಷ್ಣೋಯಿಗಳು ತಮ್ಮವರ ದೇಹವನ್ನು ಸುಡದೆ ಮಣ್ಣಿಗೆ ಕೊಡುತ್ತಾರೆ. ನಾವು ಸಮಾಧಿ ಮಾಡುವುದು ಲಿಂಗೈಕ್ಯದ ಭಾವದಿಂದ, ಅವರು ಹೂಳುವುದು ವೃಕ್ಷದಯೆಯಿಂದ. ಕಾರಣಗಳು ಬೇರೆಯಾದರೂ ಮಣ್ಣು ಒಂದೇ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಾವಿರಾರು ಮನೆಗಳ ದುಡಿಮೆ ನಿಂತಾಗ ಪೇಟೆಯ ವ್ಯಾಪಾರವೂ ಬಾಡಿತು. ಗಣಿಯವರ ಮಕ್ಕಳು ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿಬರುವಂತಾಯಿತು. ಸೇಟುಗಳ ಮಕ್ಕಳಲ್ಲಿಯೂ ಅನೇಕರು ಅಲ್ಲಿಗೇ ಸರಿದರು. ಅಂಗಡಿಯಲ್ಲಿ ತಮಿಳು, ಕಚೇರಿಯಲ್ಲಿ ಕನ್ನಡ, ಒಳಮನೆಯಲ್ಲಿ ಮಾರವಾಡಿ ಎಂಬ ಅವರ ಹಿಂದಿನ ಕ್ರಮದಲ್ಲಿ ಮೂರನೆಯದು ಎಷ್ಟು ದಿನ ಉಳಿದೀತೆಂಬ ಚಿಂತೆ ಹಿರಿಯರಿಗಿದೆ. ಸಾಫಾ ಈಗ ಮದುವೆಯ ದಿನ ಬಾಡಿಗೆಗೆ ದೊರೆಯುವ ವಸ್ತು; ಸುತ್ತಲು ಬಲ್ಲವರನ್ನು ಹುಡುಕಿ ಕರೆಸಬೇಕು. ಲಿಂಗಾಯತ ಮನೆಗಳು ವಿರಳವಾದ ಈ ಸೀಮೆಯಲ್ಲಿ ನಮ್ಮವರ ಪಾಡೂ ಇದಕ್ಕಿಂತ ಬಹಳ ಭಿನ್ನವಲ್ಲ. ಬೆಳ್ಳಿಯ ಕರಡಿಗೆ ಕೊರಳಲ್ಲಿದೆಯೋ ಬೀರುವಿನಲ್ಲಿದೆಯೋ ಎಂಬುದನ್ನು ಆಯಾ ಮನೆಯವರೇ ಬಲ್ಲರು.

ಒಂದು ಬಟ್ಟೆಯ ಪದ್ಧತಿ ಮಾತ್ರ ಇನ್ನೂ ಬಿಟ್ಟುಹೋಗಿಲ್ಲ. ಮಗು ಹುಟ್ಟಿದ ಮೇಲೆ ಬಾಣಂತಿಗೆ ತವರಿನವರು ‘ಪೀಲಿಯಾ’ ಎಂಬ ಓಢಣಿಯನ್ನು ಉಡುಗೊರೆಯಾಗಿ ಕೊಡುತ್ತಾರೆ. ಹಳದಿಯ ಮೈ, ಕೆಂಪಿನ ಅಂಚು, ನಡುವೆ ಕೆಂಪು ವೃತ್ತ. ಅದನ್ನು ಹೊದ್ದೇ ಅವಳು ಬಾವಿಯ ಪೂಜೆಗೆ ಹೊರಡಬೇಕು. ಬಾವಿಯಿಲ್ಲದ ಊರಿನಲ್ಲಿ ಮನೆಯ ನಲ್ಲಿಗೇ ಅರಿಶಿನ ಕುಂಕುಮವಿಟ್ಟು ಪೂಜೆ ಮುಗಿಸುವುದುಂಟು.