ಉಗಿಯಂತ್ರ ಹೊರಡುವ ಮುಂಚಿನ ಹೊತ್ತು

ಯಲಹಂಕದ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಗುಪ್ತೋಷ್ಣದ ಪಾಠ ನಡೆಯುತ್ತಿತ್ತು. ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದೆ. ಪ್ರಶಿಕ್ಷಣಾರ್ಥಿ ಪೀಠಿಕೆಗೆ ಊರಿನ ಸಂಗತಿಯನ್ನೇ ಆರಿಸಿಕೊಂಡಿದ್ದರು. ಹೆಸರಘಟ್ಟದ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ಮೇಲೆತ್ತಿ ಬೆಂಗಳೂರಿಗೆ ಕಳಿಸುತ್ತಿದ್ದ ಕಥೆ ಅದು. ಮಕ್ಕಳು ಕಿವಿಗೊಟ್ಟು ಕೇಳಿದರು. ಆಗ ಒಬ್ಬ ಹುಡುಗ ಎದ್ದು, “ಮಿಸ್, ಅಂಥ ಹಳೇ ಇಂಜಿನ್‌ನ ಈಗ ಮತ್ತೆ ಸ್ಟಾರ್ಟ್ ಮಾಡೋಕಾಗಲ್ವಾ?” ಎಂದ. “ತುಕ್ಕು ಹಿಡಿದಿರುತ್ತಪ್ಪ, ಆಗಲ್ಲ” ಎಂದು ಹೇಳಿ ಅವರು ಪಾಠ ಮುಂದುವರಿಸಿದರು. ‘ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರಿಸಲಾಗಿದೆ’ ಎಂದು ನಾನೂ ಬರೆದುಕೊಂಡೆ.

ತಪ್ಪು ಇಬ್ಬರದೂ. ಅಂಥ ಯಂತ್ರಗಳನ್ನು ಮತ್ತೆ ಓಡಿಸಬಹುದು, ಓಡಿಸಿದ್ದಾರೆ ಕೂಡ. ಹೇಗೆ ಓಡಿಸುತ್ತಾರೆ ಎಂಬುದರೊಳಗೇ ಅಂದಿನ ಪಾಠ ಇಡಿಯಾಗಿ ಇತ್ತು.

ಮೊದಲು ಕಥೆಯನ್ನು ಸರಿಯಾಗಿ ಹೇಳೋಣ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಜಲಾಶಯ ಸಿದ್ಧವಾಯಿತು. 1896ರ ಹೊತ್ತಿಗೆ ನಗರಕ್ಕೆ ಕೊಳವೆ ನೀರು ಬಂತು. ಜಲಾಶಯದಿಂದ ತರಬನಹಳ್ಳಿಯ ಕಡೆಗೆ ನೀರು ಇಟ್ಟಿಗೆ ಕಾಲುವೆಯಲ್ಲಿ ತಾನಾಗಿ ಹರಿಯುತ್ತಿತ್ತು. ಬೆಂಗಳೂರು ದಿಣ್ಣೆಯ ಮೇಲಿನ ಊರು, ಅಲ್ಲಿಗೆ ನೀರು ತಾನಾಗಿ ಹತ್ತದು. ಅದಕ್ಕೇ ಸೋಲದೇವನಹಳ್ಳಿಯಲ್ಲಿ ಉಗಿಯ ಪಂಪುಗಳು ಬೇಕಾದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೂ ಬಂತು. ಮುಂದೆ ನೀರೆತ್ತುವ ಕೆಲಸವೂ ವಿದ್ಯುತ್ ಮೋಟಾರಿನ ಪಾಲಾಯಿತು. ಮೋಟಾರಿಗೆ ಸ್ವಿಚ್ ಒತ್ತಿದರೆ ಸಾಕು. ಉಗಿಯಂತ್ರವನ್ನು ಹೊರಡಿಸಲು ಗಂಟೆಗಟ್ಟಲೆ ತಯಾರಿ ಬೇಕು.

ಇಂಥದೇ ಕೆಲಸದ, ಗಾತ್ರದಲ್ಲಿ ಬಲು ದೊಡ್ಡದಾದ ಯಂತ್ರಗಳು ಲಂಡನ್ನಿನಲ್ಲಿ ಇಂದಿಗೂ ಆಗಾಗ ಓಡುತ್ತವೆ. ಕ್ರಾಸ್‌ನೆಸ್‌ನಲ್ಲಿ 1865ರಲ್ಲಿ ಕೊಳಚೆ ನೀರೆತ್ತಲು ನಿಲ್ಲಿಸಿದ್ದ ನಾಲ್ಕು ಯಂತ್ರಗಳಲ್ಲಿ ಒಂದನ್ನು ಸ್ವಯಂಸೇವಕರು ವರ್ಷಗಟ್ಟಲೆ ದುಡಿದು 2003ರಲ್ಲಿ ಮತ್ತೆ ಉಗಿಗೆ ತಂದರು. ಅದರ ಗಾಲಿಚಕ್ರ ಒಂದೇ 52 ಟನ್. ಕೆಂಪ್ಟನ್ ಪಾರ್ಕ್‌ನ ಕುಡಿಯುವ ನೀರಿನ ಯಂತ್ರ 62 ಅಡಿ ಎತ್ತರದ್ದು. ಅದು 2002ರಿಂದ ಮತ್ತೆ ಓಡುತ್ತಿದೆ. ನಮ್ಮ ದೇಶದಲ್ಲಿ ಪಂಪಿನ ಯಂತ್ರವಲ್ಲದಿದ್ದರೂ ರೈಲಿನ ಉದಾಹರಣೆ ಇದೆ. 1855ರ ‘ಫೇರಿ ಕ್ವೀನ್’ 1997ರಲ್ಲಿ ಮತ್ತೆ ಹಳಿಯ ಮೇಲೆ ಓಡಿತು.

ಆದ್ದರಿಂದ ಹುಡುಗನಿಗೆ ಹೇಳಬೇಕಾಗಿದ್ದ ಮಾತು ಇದು: ಇಂಜಿನ್ನನ್ನು ಉಳಿಸಿಕೊಳ್ಳಬಹುದು, ಬಾಯ್ಲರನ್ನು ಉಳಿಸಿಕೊಳ್ಳುವುದು ಕಷ್ಟ. ತುಕ್ಕು ಹಿಡಿದು ಕಚ್ಚಿಕೊಂಡ ಪಿಸ್ಟನ್ನನ್ನು ಎಣ್ಣೆಯಲ್ಲಿ ದಿನಗಟ್ಟಲೆ ನೆನೆಸಿ ಬಿಡಿಸಬಹುದು. ಸವೆದ ಬೇರಿಂಗಿಗೆ ಹೊಸ ಲೋಹ ಎರೆಯಬಹುದು. ಒಡೆದ ಭಾಗಕ್ಕೆ ಮರದ ಅಚ್ಚು ಮಾಡಿ ಹೊಸದನ್ನು ಎರಕ ಹೊಯ್ಯಬಹುದು. ಬಾಯ್ಲರಿನ ತಗಡು ಒಳಗೊಳಗೇ ತೆಳುವಾಗಿದ್ದರೆ ಮಾತ್ರ ಅದರಲ್ಲಿ ಉಗಿ ಎಬ್ಬಿಸುವುದು ಜೀವಕ್ಕೆ ಅಪಾಯ. ದೊಡ್ಡ ಬಾಯ್ಲರಿಗೆ ಪರಿಶೀಲಕರ ಪ್ರಮಾಣಪತ್ರ ಬೇಕೆಂಬ ಕಾನೂನು ಇರುವುದು ಅದಕ್ಕೇ. ಹಲವೆಡೆ ಹಳೆಯ ಇಂಜಿನ್ನಿಗೆ ಹೊಸ ಬಾಯ್ಲರ್ ಜೋಡಿಸುತ್ತಾರೆ. ಕೆಲವೆಡೆ ಒತ್ತಿದ ಗಾಳಿಯಿಂದಲೋ ಮೋಟಾರಿನಿಂದಲೋ ನಿಧಾನವಾಗಿ ತಿರುಗಿಸಿ ತೋರಿಸುತ್ತಾರೆ. ಹಾಗೆ ಮಾಡಿದ್ದೇವೆಂದು ಫಲಕ ಹಾಕಿದರೆ ಅದರಲ್ಲಿ ಮೋಸವೇನಿಲ್ಲ.

ಬಾಯ್ಲರಿನ ಗಟ್ಟಿತನ ನೋಡುವುದು ಉಗಿಯಿಂದಲ್ಲ, ತಣ್ಣೀರಿನಿಂದ. ಪೂರ್ತಿ ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಕೊಡುತ್ತಾರೆ. ನೀರು ಒತ್ತಿದರೆ ಕುಗ್ಗುವುದು ತೀರಾ ಕಡಿಮೆ, ಹಾಗಾಗಿ ಅದರಲ್ಲಿ ಶಕ್ತಿ ಹೆಚ್ಚು ಕೂಡಿರುವುದಿಲ್ಲ. ಎಲ್ಲಾದರೂ ಬಿರುಕು ಬಿಟ್ಟರೆ ನೀರು ಸೋರಿ ಒತ್ತಡ ಇಳಿದುಹೋಗುತ್ತದೆ. ಉಗಿಯಾಗಿದ್ದರೆ ಅದು ಹಿಗ್ಗುತ್ತ ತಗಡನ್ನೇ ಹರಿದೆಸೆಯುತ್ತಿತ್ತು. ಇದನ್ನು ತೋರಿಸಲು ಸೂಜಿಯಿಲ್ಲದ ಸಿರಿಂಜ್ ಸಾಕು. ಗಾಳಿ ತುಂಬಿ ಬಾಯಿಗೆ ಬೆರಳೊತ್ತಿ ದೂಡಲಿ, ಆಮೇಲೆ ನೀರು ತುಂಬಿ ದೂಡಲಿ. ಗಾಳಿ ಕುಗ್ಗಿ ಹಿಂದಕ್ಕೆ ತಳ್ಳುತ್ತದೆ, ನೀರು ಜಗ್ಗುವುದಿಲ್ಲ.

ಈ ಸಿರಿಂಜನ್ನು ಒಳಗಿಡಬೇಡಿ, ಮತ್ತೊಮ್ಮೆ ಬೇಕಾಗುತ್ತದೆ. ಯಂತ್ರವನ್ನು ಹೊರಡಿಸುವವರು ಬಾಯ್ಲರಿನಲ್ಲಿ ಒತ್ತಡ ಏರಿದ ಕೂಡಲೇ ಕವಾಟವನ್ನು ಪೂರ್ತಿ ತೆರೆಯುವುದಿಲ್ಲ. ಒಂದಿಷ್ಟೇ ಉಗಿ ಬಿಟ್ಟು, ಸಿಲಿಂಡರನ್ನು ಮೆಲ್ಲನೆ ಬಿಸಿಯೇರಿಸುತ್ತಾರೆ. ಕಾರಣವನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸಬಹುದು. 1,000 ಕಿಲೋಗ್ರಾಂ ಎರಕದ ಕಬ್ಬಿಣವನ್ನು 30 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಗೆ ತರಬೇಕು ಎನ್ನೋಣ. ಕಬ್ಬಿಣದ ವಿಶಿಷ್ಟೋಷ್ಣ ಒಂದು ಕಿಲೋಗ್ರಾಂಗೆ, ಒಂದು ಡಿಗ್ರಿಗೆ ಸುಮಾರು 460 ಜೂಲ್, ಆದ್ದರಿಂದ ಬೇಕಾದ ಉಷ್ಣ ಸುಮಾರು 3,22,00,000 ಜೂಲ್. ಒಂದು ಕಿಲೋಗ್ರಾಂ ಉಗಿ ನೀರಾಗುವಾಗ ಬಿಟ್ಟುಕೊಡುವುದು ಸುಮಾರು 22,60,000 ಜೂಲ್. ಭಾಗಿಸಿದರೆ 14ಕ್ಕೆ ತುಸು ಹೆಚ್ಚು. ಅಂದರೆ ಒಂದು ಟನ್ ಕಬ್ಬಿಣ ಬಿಸಿಯಾಗುವಷ್ಟರಲ್ಲಿ ಒಳಗೆ ಹೆಚ್ಚುಕಡಿಮೆ ಒಂದು ಕೊಡ ನೀರು ಕೂಡಿಕೊಳ್ಳುತ್ತದೆ!

ಆ ನೀರು ಒಳಗಿರುವಾಗ ಪಿಸ್ಟನ್ ಓಡಿ ಬಂದರೆ? ಸಿರಿಂಜಿನಲ್ಲಿ ಜಗ್ಗದ ನೀರು ಇಲ್ಲೂ ಜಗ್ಗುವುದಿಲ್ಲ, ಸಿಲಿಂಡರಿನ ಮುಚ್ಚಳವೇ ಒಡೆಯಬಹುದು. ಅದಕ್ಕೆಂದೇ ಸಿಲಿಂಡರಿನ ಕೆಳಗೆ ಸಣ್ಣ ನಲ್ಲಿಗಳಿರುತ್ತವೆ. ಹೊರಡುವಾಗ ಅವನ್ನು ತೆರೆದಿಟ್ಟು, ನೀರು ಹೋಗಿ ಬರೀ ಉಗಿ ಬರತೊಡಗಿದ ಮೇಲೆ ಮುಚ್ಚುತ್ತಾರೆ. ಹಳೆಯ ಸಿನಿಮಾಗಳಲ್ಲಿ ರೈಲು ಹೊರಡುವಾಗ ಗಾಲಿಗಳ ಬಳಿ ಬುಸ್ಸೆಂದು ಬಿಳಿ ಮೋಡ ಏಳುವುದುಂಟು. ನಾನು ಬಹಳ ಕಾಲ ಅದನ್ನು ರೈಲಿನ ಠೀವಿ ಎಂದುಕೊಂಡಿದ್ದೆ. ಅದು ಈ ನಲ್ಲಿಗಳ ಕೆಲಸ.

ಮೆಲ್ಲನೆ ಬಿಸಿಯೇರಿಸಲು ಇನ್ನೊಂದು ಕಾರಣವೂ ಇದೆ: ಎರಕದ ಕಬ್ಬಿಣದ ಒಂದು ಭಾಗ ಬಿಸಿಯಾಗಿ ಹಿಗ್ಗಿ, ಪಕ್ಕದ ಭಾಗ ತಣ್ಣಗೇ ಉಳಿದರೆ ಅದು ಬಿರಿಯುತ್ತದೆ. ಅದು ಬೇರೆ ಪಾಠಕ್ಕಿರಲಿ. ಒಂದೇ ಅವಧಿಗೆ ಎಲ್ಲವನ್ನೂ ತುರುಕುವುದು ಪ್ರಶಿಕ್ಷಣಾರ್ಥಿಗಳ ಹಳೆಯ ಚಾಳಿ.

ಪ್ರಾತ್ಯಕ್ಷಿಕೆಯ ಬಗ್ಗೆ ಒಂದು ಎಚ್ಚರಿಕೆ. ಉಗಿಯ ಬಲ ತೋರಿಸಲು ಡಬ್ಬಿಯಲ್ಲಿ ನೀರು ಹಾಕಿ, ಬಿಗಿಯಾಗಿ ಮುಚ್ಚಿ ಕಾಯಿಸುವುದನ್ನು ಪಾಠ ಯೋಜನೆಗಳಲ್ಲಿ ಕಂಡಿದ್ದೇನೆ. ಅದನ್ನು ಖಂಡಿತ ಮಾಡಬಾರದು. ಮನೆಯ ಪ್ರೆಷರ್ ಕುಕ್ಕರಿನ ಮುಚ್ಚಳ ತಂದು ತೋರಿಸಿದರೆ ಸಾಕು. ವಿಷಲ್ಲಿನ ತೂಕ ಬಾಯ್ಲರಿನ ಸುರಕ್ಷಾ ಕವಾಟದ ಹಾಗೆ. ನೀರು ಆರಿ ಕುಕ್ಕರ್ ಮಿತಿಮೀರಿ ಕಾದಾಗ ಕರಗುವ ಸಣ್ಣ ಲೋಹದ ಬಿರಡೆಯಂಥದೇ ಒಂದು ಬಾಯ್ಲರಿನ ಒಲೆಯ ಮೇಲ್ಭಾಗದಲ್ಲೂ ಇರುತ್ತದೆ.

ಮುಂದಿನ ವಾರ ಅದೇ ಪಾಠವನ್ನು ‘ಬಿ’ ವಿಭಾಗಕ್ಕೆ ಮಾಡುವಾಗ ಆ ಪ್ರಶಿಕ್ಷಣಾರ್ಥಿ ಹುಡುಗನ ಪ್ರಶ್ನೆಯನ್ನೇ ಕಪ್ಪುಹಲಗೆಯ ಮೇಲೆ ಬರೆದು ಶುರುಮಾಡಿದರು. ತಣ್ಣನೆಯ ಸಿಲಿಂಡರಿಗೆ ಒಮ್ಮೆಲೇ ಉಗಿ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಒಬ್ಬ ಹುಡುಗಿ, “ಇಡ್ಲಿ ಪಾತ್ರೆ ಮುಚ್ಚಳದಿಂದ ಇಡ್ಲಿ ಮೇಲೆ ನೀರು ಬೀಳುತ್ತಲ್ಲ ಮಿಸ್, ಹಂಗೆ” ಎಂದಳು. ಲೆಕ್ಕ ಮುಗಿಯುವ ಮೊದಲೇ ಗಂಟೆ ಹೊಡೆಯಿತು. ಅದನ್ನು ಮನೆಗೆಲಸಕ್ಕೆ ಕೊಟ್ಟರು.