ಹೊಗೆಯಿಲ್ಲದ ಸಿಗರೇಟು ಮತ್ತು ‘ಧೂಮಪಾನ ನಿಷಿದ್ಧ’ ಎಂಬ ಹಲಗೆ

ಹೈದರಾಬಾದಿನ ಸರಕಾರಿ ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ, ಬೀದರ ಕಲಬುರ್ಗಿಗಳ ಬಸ್ಸು ಹಿಡಿಯಲು ನಾವು ಹೋಗುವ ಇಮ್ಲಿಬನ್ ನಿಲ್ದಾಣದಲ್ಲಿ, ಕಾಚಿಗುಡಾ ಸ್ಟೇಶನ್ನಿನಲ್ಲಿ ಬೀಡಿ ಸಿಗರೇಟು ಸೇದಬಾರದೆಂಬ ಸಂಗತಿ ಓದುಗ ಬಂಧುಗಳಿಗೆಲ್ಲ ತಿಳಿದದ್ದೇ. ಆದರೆ ಈಚಿನ ವರ್ಷಗಳಲ್ಲಿ ಪೆನ್ನಿನಂತೆಯೋ ಬಣ್ಣದ ಡಬ್ಬಿಯಂತೆಯೋ ತೋರುವ ಒಂದು ಸಾಧನವನ್ನು ತುಟಿಗಿಟ್ಟು ಎಳೆಯುವ ತರುಣರನ್ನು ಅಲ್ಲಲ್ಲಿ ಕಾಣುತ್ತೇವೆ. ಅದೇ ಇಲೆಕ್ಟ್ರಾನಿಕ್ ಸಿಗರೇಟು, ಆಡುಮಾತಿನಲ್ಲಿ ವೇಪ್. ‘ಇದರಲ್ಲಿ ಬೆಂಕಿಯಿಲ್ಲ, ಹೊಗೆಯಿಲ್ಲ, ಧೂಮಪಾನದ ಹಲಗೆ ಇದಕ್ಕೆ ತಾಕದು’ ಎಂದು ನಮ್ಮ ವಾಚನಾಲಯದಲ್ಲಿಯೇ ಒಂದಿಬ್ಬರು ವಾದ ಹೂಡಿದ್ದುಂಟು. ವಾದದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯದೆ ಹೋದರೆ ಪೋಲೀಸು ಠಾಣೆಯ ಮೆಟ್ಟಿಲು ಹತ್ತಬೇಕಾದೀತು. ಆದುದರಿಂದ ಈ ನಾಲ್ಕು ಮಾತು.

ಸಾಧನದ ಒಡಲು ಸರಳವಾದದ್ದು. ಒಂದು ಲಿಥಿಯಂ ಬ್ಯಾಟರಿ, ಅದರ ವಿದ್ಯುತ್ತಿನಿಂದ ಕಾಯುವ ಸಣ್ಣ ತಂತಿಯ ಸುರುಳಿ, ಹಣತೆಯ ಬತ್ತಿ ಎಣ್ಣೆ ಹೀರುವಂತೆ ದ್ರವವನ್ನು ಹೀರಿ ಸುರುಳಿಗೆ ಒದಗಿಸುವ ಬತ್ತಿ. ದ್ರವವೆಂದರೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಮಾವು ಪುದೀನಗಳ ವಾಸನೆ ಮತ್ತು ಬಹುಮಟ್ಟಿಗೆ ನಿಕೋಟಿನ್. ಉಸಿರೆಳೆದೊಡನೆ ಸುರುಳಿ ಕಾದು ದ್ರವವು ಮಂಜಿನಂತಾಗಿ ಎದೆಗಿಳಿಯುತ್ತದೆ. ಇದರ ಈಗಿನ ರೂಪವನ್ನು ಚೀನ ದೇಶದ ಔಷಧತಜ್ಞ ಹೊನ್ ಲಿಕ್ ಎಂಬಾತ 2003ರಲ್ಲಿ ರೂಪಿಸಿದ. ತಂಬಾಕು ಸುಡದಿರುವುದರಿಂದ ಟಾರು ಇಲ್ಲವೆಂಬುದು ನಿಜ. ಚಟ ಹಿಡಿಸುವ ನಿಕೋಟಿನ್ ಮಾತ್ರ ಇದ್ದೇ ಇದೆ. 2019ರಲ್ಲಿ ಅಮೇರಿಕೆಯಲ್ಲಿ ವೇಪ್ ಸೇದಿದವರ ಶ್ವಾಸಕೋಶ ಕೆಡುವ ಬೇನೆಯೊಂದು ಹಬ್ಬಿ, 2020ರ ಫೆಬ್ರುವರಿಯ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿ 68 ಮಂದಿ ತೀರಿಕೊಂಡರು. ಗಾಂಜಾ ಸಾರದ ದ್ರವಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ಅದಕ್ಕೆ ಮುಖ್ಯ ಕಾರಣವೆಂದು ಕಂಡುಬಂತು. ಆ ಲೆಕ್ಕವನ್ನು ಎಲ್ಲ ವೇಪಿಗೂ ಹಚ್ಚುವುದು ನ್ಯಾಯವಲ್ಲ. ಆದರೆ ಕದ್ದು ಮಾರುವ ಮಾಲಿನಲ್ಲಿ ಏನು ಬೆರೆತಿದೆಯೆಂದು ಹೇಳುವವರಾರು?

ಇನ್ನು ಕಾನೂನಿನ ಮಾತು. ಆಸ್ಪತ್ರೆ, ಶಾಲೆ, ವಾಚನಾಲಯ, ನ್ಯಾಯಾಲಯ, ಸರಕಾರಿ ಕಚೇರಿ, ಬಸ್ಸು ರೈಲುಗಳಲ್ಲಿ ಧೂಮಪಾನ ಕೂಡದೆಂದು ಸುಪ್ರೀಂ ಕೋರ್ಟು ಮುರಳಿ ದೇವರಾ ಅವರ ಅರ್ಜಿಯ ಮೇಲೆ 2001ರ ನವೆಂಬರಿನಲ್ಲಿ ಆಜ್ಞೆ ಮಾಡಿತು. 2003ರ ತಂಬಾಕು ಕಾಯಿದೆ ಅದನ್ನು ಶಾಸನವಾಗಿಸಿತು. 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ಹಲಗೆಯ ಅಳತೆಯನ್ನು ಸಹ ಗೊತ್ತುಪಡಿಸಿದವು: 60 ಸೆಂಟಿಮೀಟರು ಉದ್ದ, 30 ಅಗಲ. ದಂಡ 200 ರೂಪಾಯಿ ವರೆಗೆ. (ಊರಿಗೆ ಹೋಗುವವರು ನೆನಪಿಡಿರಿ: ಕರ್ನಾಟಕದಲ್ಲಿ 2025ರ ತಿದ್ದುಪಡಿಯಿಂದ ಇದು 1000 ರೂಪಾಯಿ ವರೆಗೆ ಏರಿದೆ.) ಆದರೆ ಆ ಕಾಯಿದೆಯಲ್ಲಿ ಧೂಮಪಾನವೆಂದರೆ ತಂಬಾಕು ಸೇದುವುದು. ವೇಪಿನಲ್ಲಿ ತಂಬಾಕಿನ ಎಲೆಯಿಲ್ಲ. ವಾದಿಸುವವರ ಅರ್ಧ ಸತ್ಯ ಇಷ್ಟೇ.

ವೇಪಿಗೆ ಬೇರೆಯೇ ಕಾಯಿದೆಯುಂಟು. 2016ರ ಜೂನಿನಲ್ಲಿ ಕರ್ನಾಟಕ ಸರಕಾರ ಇದನ್ನು ನಿಷೇಧಿಸಿತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರಕಾರ ದೇಶಕ್ಕೆಲ್ಲ ಅನ್ವಯಿಸುವ ಸುಗ್ರೀವಾಜ್ಞೆ ಹೊರಡಿಸಿತು. ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ನಿಕೋಟಿನ್ ಇರಲಿ ಇಲ್ಲದಿರಲಿ, ಇಡಿಯ ಸಾಧನವಿರಲಿ ಬಿಡಿ ಭಾಗವಿರಲಿ, ತಯಾರಿಸುವುದು, ಹೊರದೇಶದಿಂದ ತರುವುದು, ಸಾಗಿಸುವುದು, ಮಾರುವುದು, ಹಂಚುವುದು, ಜಾಹೀರಾತು ಮಾಡುವುದು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದ ವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿ ವರೆಗೆ ದಂಡ, ಇಲ್ಲವೆ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದ ವರೆಗೆ ಸೆರೆ, ಐದು ಲಕ್ಷದ ವರೆಗೆ ದಂಡ. ದಾಸ್ತಾನಿಟ್ಟವನಿಗೆ ಆರು ತಿಂಗಳ ವರೆಗೆ ಸೆರೆ ಅಥವಾ 50,000 ರೂಪಾಯಿ ವರೆಗೆ ದಂಡ ಅಥವಾ ಎರಡೂ.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿರಿ. ಸೇದುವವನಿಗೆಂದು ಪ್ರತ್ಯೇಕ ಶಿಕ್ಷೆ ಇದರಲ್ಲಿಲ್ಲ. ಶಿಕ್ಷೆ ಬೀಳುವುದು ಸಾಗಿಸಿದವನಿಗೆ, ಇಟ್ಟುಕೊಂಡವನಿಗೆ, ಮಾರಿದವನಿಗೆ. ಸೇದುವವನು ಉಳ್ಳವರ ಮನೆಯ ಹುಡುಗನಾದರೆ ಸಾಗಿಸುವವನು ಯಾರು? ಸೈಕಲ್ ಮೋಟಾರಿನ ಮೇಲೆ ಪಾರ್ಸಲು ಮುಟ್ಟಿಸುವ ನಮ್ಮವನೇ. ‘ಎರಡು ದಿನ ನಿನ್ನ ಖೋಲಿಯಲ್ಲಿರಲಿ’ ಎಂದು ಗೆಳೆಯ ಒಪ್ಪಿಸಿದ ಪೆಟ್ಟಿಗೆಯನ್ನು ಮಂಚದ ಕೆಳಗಿಟ್ಟವನೂ ನಮ್ಮವನೇ. ದುಬೈಯಿಂದ ಬರುವ ಭಾವಮೈದುನನಿಗೆ ‘ಒಂದು ತಾ’ ಎಂದು ಹೇಳಿಕಳಿಸುವವರಿದ್ದಾರೆ. ಶಂಷಾಬಾದಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರ ಮುಂದೆ ಕೈಕಟ್ಟಿ ನಿಲ್ಲಬೇಕಾದವನು ಆ ಭಾವಮೈದುನ. ಸೇದಿದವನಿಗೆ ಶಿಕ್ಷೆಯಿಲ್ಲವೆಂದು ಜೇಬಿನಲ್ಲಿಟ್ಟು ತಿರುಗುವುದೂ ಜಾಣತನವಲ್ಲ. ಯಾವ ರೂಪದಲ್ಲಿ, ಎಷ್ಟೇ ಪ್ರಮಾಣದಲ್ಲಿ ಹೊಂದಿರುವುದೂ ಕಾಯಿದೆಗೆ ವಿರುದ್ಧವೆಂದು ಕೇಂದ್ರ ಆರೋಗ್ಯ ಮಂತ್ರಾಲಯ ಹೇಳಿದೆ.

ಸರಕಾರಿ ಜಾಗಗಳ ಮಟ್ಟಿಗೆ ಸರಿಯಾದ ಮಾದರಿಯನ್ನು ಆ ಮಂತ್ರಾಲಯವೇ ಹಾಕಿಕೊಟ್ಟಿತು. 2019ರ ಅಕ್ಟೋಬರಿನಲ್ಲಿ ದೆಹಲಿಯ ತನ್ನ ಕಚೇರಿಯ ಆವರಣವನ್ನು ತಂಬಾಕುಮುಕ್ತವೆಂದು ಸಾರುವಾಗ ಇಲೆಕ್ಟ್ರಾನಿಕ್ ಸಿಗರೇಟಿನ ಹೆಸರನ್ನು ಬಿಡಿಸಿ ಸೇರಿಸಿತು. ಹೆಸರು ಬರೆದ ಮೇಲೆ ವಾದಕ್ಕೆ ಎಡೆಯಿಲ್ಲ. ಉಳಿದ ಕಚೇರಿ, ಬಸ್ ನಿಲ್ದಾಣ, ಆಸ್ಪತ್ರೆಗಳ ಹಲಗೆಗಳಲ್ಲಿಯೂ ಇನ್ನೊಂದು ಸಾಲು ಬರೆಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಬಾಗಿಲಲ್ಲಿ ನಿಂತ ಕಾವಲುಗಾರ ಸಾಹೇಬರ ಮಗನಿಗೆ ‘ಬೇಡಿ’ ಎನ್ನಬೇಕಾದರೆ ಬೆರಳಿಟ್ಟು ತೋರಿಸಲು ಅವನಿಗೊಂದು ಅಕ್ಷರವಾದರೂ ಬೇಡವೆ?

ಸುಡುವ ಸಿಗರೇಟನ್ನು ಮಾರಲು ಬಿಟ್ಟು ಇದನ್ನೇಕೆ ನಿಷೇಧಿಸಿದರೆಂದು ಕೇಳುವವರುಂಟು. ಪ್ರಶ್ನೆ ತೂಕದ್ದೇ. ಚಾರ್ಮಿನಾರಿನ ಹೆಸರು ಹೊತ್ತ ಸಿಗರೇಟು ಇದೇ ಊರಿನ ವಜೀರ್ ಸುಲ್ತಾನ್ ಕಂಪನಿಯದು. ನಿಪ್ಪಾಣಿಯ ರೈತ ಬೆಳೆಯುವುದೂ ತಂಬಾಕನ್ನೇ. ಹಳೆಯ ಚಟಕ್ಕೆ ಎಷ್ಟೋ ಮನೆಗಳ ಅನ್ನ ಅಂಟಿಕೊಂಡಿದೆ. ಹೊಸದು ಬೇರೂರುವ ಮೊದಲೇ ಕಿತ್ತರೆ ಅಷ್ಟು ನೋವಿಲ್ಲ. ಸರಕಾರ ಹೇಳಿದ್ದೂ ಎಳೆಯರಿಗೆ ಹೊಸ ಚಟ ಹತ್ತಬಾರದೆಂದೇ. ಸಿಗರೇಟಿನ ವಿಷಯದಲ್ಲಿ ಇದು ಪೂರ್ತಿ ಸಮಾಧಾನದ ಉತ್ತರವೆಂದು ನನಗೆ ತೋರುವುದಿಲ್ಲ.

ಬೀಡಿಯಾಗಲಿ ವೇಪಾಗಲಿ, ಬಿಡಬೇಕೆನ್ನುವವರಿಗೆ ಕೇಂದ್ರ ಸರಕಾರದ ಉಚಿತ ದೂರವಾಣಿ ಸೇವೆಯೊಂದುಂಟು: 1800-11-2356. ಕನ್ನಡದಲ್ಲಿಯೇ ಮಾತಾಡಬಹುದು. ಈ ಅಂಕಿಗಳನ್ನು ಪತ್ರಿಕೆಗಳ ಮೇಜಿನ ಬಳಿಯ ಗೋಡೆಗೂ ಬರೆದು ಅಂಟಿಸಲಾಗಿದೆ, ಬೇಕಾದವರು ಬರೆದುಕೊಳ್ಳಬಹುದು.