ಪ್ರಾಚೀನ ಶಿಲಾ ಸ್ಮಾರಕಗಳ ಮೇಲಿನ ಗೀಚುಬರಹ ಮತ್ತು ಬಣ್ಣವನ್ನು ಸುರಕ್ಷಿತವಾಗಿ ತೆಗೆಯುವ ಬಗ್ಗೆ ಮಾಹಿತಿ

ರಾಜ್ಯದ ಪ್ರಾಚೀನ ದೇವಾಲಯ, ಬಸದಿ, ಕೋಟೆ ಹಾಗೂ ಶಾಸನಶಿಲೆಗಳ ಮೇಲೆ ಹೆಸರು ಬರೆಯುವುದು, ಸುಣ್ಣ ಬಳಿಯುವುದು ಮತ್ತು ಎನಾಮಲ್ ಬಣ್ಣ ಹಚ್ಚುವುದು ಅನೇಕ ಕಡೆಗಳಲ್ಲಿ ಕಂಡುಬರುತ್ತದೆ. ಇವುಗಳನ್ನು ತೆಗೆಯಲು ಗ್ರಾಮಸ್ಥರು ಮತ್ತು ದೇವಾಲಯ ಸಮಿತಿಗಳು ಸದುದ್ದೇಶದಿಂದಲೇ ಮುಂದಾಗುತ್ತಾರೆ. ಆದರೆ ತಪ್ಪು ವಿಧಾನದಿಂದ ಶುಚಿಗೊಳಿಸಿದಾಗ ಆಗುವ ಹಾನಿಯು ಬಣ್ಣದಿಂದಾದ ಹಾನಿಗಿಂತ ಹೆಚ್ಚಿನದಾಗಬಹುದು. ಬಣ್ಣವನ್ನು ತಡವಾಗಿಯಾದರೂ ತೆಗೆಯಬಹುದು; ಸವೆದುಹೋದ ಅಕ್ಷರವನ್ನು ಮರಳಿ ಪಡೆಯಲಾಗದು. ಆದುದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಕಲ್ಲಿನ ಸ್ವರೂಪ

ಎಲ್ಲಾ ಕಲ್ಲುಗಳಿಗೂ ಒಂದೇ ವಿಧಾನವು ಅನ್ವಯಿಸುವುದಿಲ್ಲ. ಹಂಪಿಯ ಸ್ಮಾರಕಗಳು ಬಹುಮಟ್ಟಿಗೆ ಗಟ್ಟಿಯಾದ ಗ್ರಾನೈಟ್ ಶಿಲೆಯವು. ಬಾದಾಮಿ, ಐಹೊಳೆ ಮತ್ತು ಪಟ್ಟದಕಲ್ಲಿನವು ಮರಳುಗಲ್ಲಿನವು. ಇದರ ಸೂಕ್ಷ್ಮ ರಂಧ್ರಗಳು ಬಣ್ಣವನ್ನು ಒಳಕ್ಕೆ ಹೀರಿಕೊಳ್ಳುತ್ತವೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳ ಬಳಪದ ಕಲ್ಲು ಮೃದುವಾದುದು. ಒರಟಾಗಿ ಉಜ್ಜಿದರೂ ಗೀರು ಬೀಳುತ್ತದೆ.

ಮಾಡಬಾರದ ಕೆಲಸಗಳು

1. ಆಮ್ಲವನ್ನು ಬಳಸಬಾರದು. ಸುಣ್ಣದ ಅಂಶವಿರುವ ಕಲ್ಲನ್ನು ಅದು ಕರಗಿಸುತ್ತದೆ. ಕಬ್ಬಿಣದ ಅಂಶವಿರುವ ಕಲ್ಲಿನಲ್ಲಿ ಕಂದು ಕಲೆಯನ್ನು ಉಂಟುಮಾಡಬಹುದು.
2. ಕಾಸ್ಟಿಕ್ ಸೋಡಾ ಬಳಸಬಾರದು. ಅದರ ಲವಣವು ರಂಧ್ರಗಳಲ್ಲಿ ಉಳಿದು, ಹರಳುಗಟ್ಟಿ, ಕಾಲಕ್ರಮೇಣ ಕಲ್ಲಿನ ಮೇಲ್ಪದರವು ಉದುರುತ್ತದೆ.
3. ಯಂತ್ರದಿಂದ ಮರಳನ್ನು ಸಿಡಿಸುವುದು, ಉಜ್ಜುಯಂತ್ರ ಬಳಸುವುದು ಹಾಗೂ ಅಧಿಕ ಒತ್ತಡದ ನೀರನ್ನು ಹಾಯಿಸುವುದು ಕೂಡದು. ಇವು ಬಣ್ಣದೊಂದಿಗೆ ಕೆತ್ತನೆಯನ್ನೂ ಸವೆಸುತ್ತವೆ.
4. ಉಕ್ಕಿನ ತಂತಿಯ ಕುಂಚದಿಂದ ತಿಕ್ಕಬಾರದು. ಕಲ್ಲಿನಲ್ಲಿ ಉಳಿದ ಉಕ್ಕಿನ ಚೂರುಗಳು ತುಕ್ಕು ಹಿಡಿಯುತ್ತವೆ.
5. ಗೀಚುಬರಹದ ಮೇಲೆ ಮತ್ತೆ ಬಣ್ಣ ಬಳಿದು ಮುಚ್ಚಬಾರದು.

ತಜ್ಞರು ಅನುಸರಿಸುವ ಕ್ರಮ

ಸಂರಕ್ಷಣಾ ತಜ್ಞರು ಮೊದಲು ಛಾಯಾಚಿತ್ರ ಸಹಿತ ದಾಖಲೆಯನ್ನು ಸಿದ್ಧಪಡಿಸಿ, ಕಲ್ಲು ಮತ್ತು ಬಣ್ಣ ಇವೆರಡನ್ನೂ ಪರೀಕ್ಷಿಸುತ್ತಾರೆ. ಬಳಿಕ ಕಣ್ಣಿಗೆ ಬೀಳದ ಸಣ್ಣ ಭಾಗವೊಂದರಲ್ಲಿ ಅತ್ಯಂತ ಸೌಮ್ಯವಾದ ವಿಧಾನದಿಂದ ಪ್ರಯೋಗವನ್ನು ಆರಂಭಿಸುತ್ತಾರೆ. ಗಟ್ಟಿ ಕಲ್ಲಿನ ಮೇಲಿನ ಸೀಮೆಸುಣ್ಣ ಮತ್ತು ಇದ್ದಿಲಿನ ಗುರುತುಗಳು ಮೃದು ಕುಂಚಕ್ಕೇ ಬಿಡಬಹುದು. ರಂಧ್ರಗಳಿಗೆ ಇಳಿದ ಬಣ್ಣಕ್ಕೆ, ತಕ್ಕ ದ್ರಾವಕದಲ್ಲಿ ನೆನೆಸಿದ ಜೇಡಿ ಅಥವಾ ಕಾಗದದ ತಿರುಳನ್ನು ಲೇಪಿಸಿ, ಬೇಗ ಒಣಗದಂತೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಲಾಗುತ್ತದೆ. ಕರಗಿದ ಬಣ್ಣವನ್ನು ಲೇಪವು ಹೀರಿಕೊಳ್ಳುತ್ತದೆ. ಒಂದೇ ಬಾರಿಗೆ ಪೂರ್ಣ ಶುಚಿಯಾಗದಿರಬಹುದು. ಕೊರೆದ ಹೆಸರುಗಳನ್ನು ಅಳಿಸಲು ಸುತ್ತಲಿನ ಕಲ್ಲನ್ನೂ ಕೆರೆಯಬೇಕಾಗುವುದರಿಂದ ಅವುಗಳನ್ನು ಹಾಗೆಯೇ ಬಿಡುವುದು ಎಷ್ಟೋ ವೇಳೆ ಮೇಲು.

ಎಲ್ಲಾ ಬರಹವೂ ಗೀಚುಬರಹವಲ್ಲ

ಬೇಲೂರಿನಲ್ಲಿ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಮುಂತಾದ ಶಿಲ್ಪಿಗಳು ತಮ್ಮ ಹೆಸರನ್ನು ಶಿಲ್ಪಗಳ ಪೀಠದಲ್ಲಿ ಸಣ್ಣ ಅಕ್ಷರಗಳಲ್ಲಿ ಕೊರೆದಿದ್ದಾರೆ. ಅವರ ಬಗ್ಗೆ ಇರುವ ಮುಖ್ಯ ಸಾಕ್ಷ್ಯವು ಅದೇ ಆಗಿದೆ. ಗ್ರಾಮಗಳ ಗುಡಿಗಳಲ್ಲಿ ಸುಣ್ಣದ ಪದರಗಳ ಅಡಿಯಲ್ಲಿ ಶಾಸನಗಳಿರುವುದುಂಟು. ಆದುದರಿಂದ ತಜ್ಞರು ಓದಿ ನೋಡುವವರೆಗೆ ಯಾವ ಬರಹವನ್ನೂ ಅಳಿಸಬಾರದು.

ಅರ್ಜಿ ಸಲ್ಲಿಸುವ ವಿಧಾನ

ಕೇಂದ್ರ ಸಂರಕ್ಷಿತ ಸ್ಮಾರಕಗಳ ವಿಷಯವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಸಂಸ್ಥೆಯ ಬೆಂಗಳೂರು, ಧಾರವಾಡ ಅಥವಾ ಹಂಪಿ ವಲಯ ಕಚೇರಿಗೆ, ಸ್ಮಾರಕವು ಯಾವ ವಲಯಕ್ಕೆ ಸೇರಿದೆಯೋ ಅದರಂತೆ, ಲಿಖಿತವಾಗಿ ತಿಳಿಸಬೇಕು. ರಾಜ್ಯ ಸಂರಕ್ಷಿತ ಸ್ಮಾರಕಗಳ ವಿಷಯವನ್ನು ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ತಿಳಿಸಬೇಕು. ಸಂರಕ್ಷಿತವಲ್ಲದ ಪ್ರಾಚೀನ ಗುಡಿಗಳಲ್ಲಿಯೂ ಕೆಲಸಕ್ಕೆ ಮುನ್ನ ಇದೇ ಇಲಾಖೆಯ ಸಲಹೆ ಪಡೆಯುವುದು ಸೂಕ್ತ. ಗ್ರಾಮ, ತಾಲ್ಲೂಕು ಮತ್ತು ಜಿಲ್ಲೆ, ಸ್ಮಾರಕದ ಹೆಸರು, ಹಾನಿ ಕಂಡುಬಂದ ದಿನಾಂಕ, ಸಮೀಪದಿಂದ ಹಾಗೂ ದೂರದಿಂದ ತೆಗೆದ ಛಾಯಾಚಿತ್ರಗಳು ಮತ್ತು ಈಗಾಗಲೇ ಏನನ್ನಾದರೂ ಬಳಸಿ ಉಜ್ಜಿದ್ದಲ್ಲಿ ಅದರ ವಿವರ ಅರ್ಜಿಯಲ್ಲಿರಲಿ. ಕೊನೆಯ ವಿವರವನ್ನು ಮರೆಮಾಡಬಾರದು. ಚಿಕಿತ್ಸೆಯ ಆಯ್ಕೆಯು ಅದನ್ನೂ ಅವಲಂಬಿಸಿರುತ್ತದೆ.

ಕಾನೂನು

ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಅಧಿನಿಯಮಕ್ಕೆ 2010ರಲ್ಲಿ ಮಾಡಲಾದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ 2 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಗೀಚುಬರಹವು ಕಂಡುಬಂದಲ್ಲಿ ಅದನ್ನು ಮುಟ್ಟದೆ, ಛಾಯಾಚಿತ್ರ ತೆಗೆದು, ವಿಳಂಬವಿಲ್ಲದೆ ತಿಳಿಸುವಂತೆ ಸಾರ್ವಜನಿಕರನ್ನು ಕೋರಲಾಗಿದೆ.